ಕುಗ್ಗಿದ ಮನಸ್ಸಿಗೆ ಮನೆಯವರ ಆಸರೆ



ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ವರ್ಷವರ್ಷವೂ ಸಹಸ್ರಾರು ಜನರು ಕಾಲ್ನಡೆಯಿಂದ ಬರುವುದನ್ನು ಈ ಸಭೆಯಲ್ಲಿ ಕಾಣದವರಾರು? ಹಾದಿಯಲ್ಲಿ ಒಬ್ಬನ ಅಂಗಾಲು ಬೊಬ್ಬೆಯೆದ್ದು ಮರದ ನೆಳಲಿಗೆ ಕುಳಿತನೆಂದರೆ, ನಿನಗೆ ಭಕ್ತಿ ಸಾಲದೆಂದು ಯಾರೂ ಅವನನ್ನು ಜರೆಯುವುದಿಲ್ಲ. ಒಬ್ಬರು ನೀರು ಕೊಡುವರು, ಒಬ್ಬರು ಎಣ್ಣೆ ತಿಕ್ಕುವರು, ಅವನ ಗಂಟನ್ನು ಮತ್ತೊಬ್ಬರು ಹೊರುವರು. ಅದೇ ಮನುಷ್ಯನು ಮನೆಯಲ್ಲಿ ಮನಸ್ಸು ಸೋತು ಕುಳಿತಾಗ ಮಾತ್ರ ಮೈಗಳ್ಳನೆಂಬ, ಹೇಡಿಯೆಂಬ ನುಡಿಗಳು ಹೊರಡುವುವು.

ಕಾಯಕವನ್ನೇ ಪೂಜೆಯೆಂದು ಬಗೆದ ಸಮಾಜದಲ್ಲಿ ಕಾಯಕಕ್ಕೆ ಏಳಲಾರದವನ ಪಾಡು ಇಮ್ಮಡಿ ಕಠಿಣವಾದುದು. ಲಿಂಗಪೂಜೆಗೂ ಕೈಯೇಳದಿದ್ದಾಗ ಅವನು ತನ್ನನ್ನು ತಾನೇ ಪಾಪಿಯೆಂದು ತಿಳಿಯುವನು. ಆದರೆ ಆ ಭಾವನೆಯೇ ವ್ಯಾಧಿಯ ಒಂದು ಲಕ್ಷಣವೆಂದು ವೈದ್ಯರು ಹೇಳುತ್ತಾರೆ. ಆದಕಾರಣ ಅಂಥವನಿಗೆ ಧರ್ಮಬೋಧೆ ಮಾಡಹೊರಟವನು ಜ್ವರ ಬಂದವನನ್ನು ಮೈ ಬಿಸಿಯೇಕೆಂದು ಗದರಿದಂತಾಗುವುದು. ವಿಷಾದವನ್ನು ರೋಗ ಬೆಳೆಸುವವುಗಳಲ್ಲಿ ಅಗ್ರಗಣ್ಯವೆಂದು ಚರಕಸಂಹಿತೆಯು ಎಣಿಸಿದೆ. ಪ್ರಾಚೀನರು ಇದನ್ನು ಹಗುರಾಗಿ ಕಂಡವರಲ್ಲ.

ದುಃಖವು ಯಾರಿಗಿಲ್ಲ? ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ರೈತನು ಮರುಗುವನು, ಮುಂದಿನ ಹಂಗಾಮಿಗೆ ಮತ್ತೆ ಕೂರಿಗೆ ಹಿಡಿಯುವನು. ಅದು ಸಹಜವು. ಎರಡು ವಾರ ಮೀರಿದರೂ ದುಗುಡವು ಇಳಿಯದೆ, ನಿದ್ರೆ ಕೆಟ್ಟು, ರೊಟ್ಟಿ ರುಚಿಸದೆ, ಮಕ್ಕಳ ಆಟವೂ ಬೇಡವಾದರೆ ಅದನ್ನು ಖಿನ್ನತೆಯೆಂದು ಶಂಕಿಸತಕ್ಕುದು. ನಮ್ಮ ಕಡೆಯ ಜನರು ಮನಸ್ಸಿನ ನೋವನ್ನು ಮನಸ್ಸಿನದೆಂದು ಹೇಳುವುದು ವಿರಳ. ತಲೆ ಉರಿ, ಮೈಕೈ ಸೆಳೆತ, ನಿಶ್ಶಕ್ತಿಯೆಂದೇ ಹೇಳುವರು. ಬಾಣಂತಿಯರಲ್ಲಿಯೂ ವೃದ್ಧರಲ್ಲಿಯೂ ಇದು ಗಮನಕ್ಕೆ ಬಾರದೆ ಹೋಗುವುದುಂಟು.

ಇಂಥವರ ಚಿಕಿತ್ಸೆಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಲೇಬೇಕೆಂಬ ಕಾಲವೊಂದಿತ್ತು. ಅದನ್ನು ಬದಲಿಸಿದ ಪ್ರಯತ್ನವು ಈ ಸೀಮೆಯಲ್ಲಿಯೇ ನಡೆದುದು ಅನೇಕರಿಗೆ ತಿಳಿಯದು. ಕೊಟ್ಟೂರು ಕೂಡ್ಲಿಗಿ ತಾಲೂಕಿಗೂ ಬಳ್ಳಾರಿ ಜಿಲ್ಲೆಗೂ ಸೇರಿದ್ದ ಆ ದಿನಗಳಲ್ಲಿ, 1985 ರಿಂದ ಮುಂದಕ್ಕೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಆರೋಗ್ಯಕೇಂದ್ರಗಳ ವೈದ್ಯರಿಗೂ ಮನೆಮನೆಗೆ ತಿರುಗುವ ಸಿಬ್ಬಂದಿಗೂ ಮನೋವ್ಯಾಧಿಗಳನ್ನು ಗುರುತಿಸುವ ಶಿಕ್ಷಣವಿತ್ತು, ಅಗತ್ಯ ಔಷಧಗಳು ಸಮೀಪದಲ್ಲಿಯೇ ದೊರೆಯುವಂತೆ ಮಾಡಿದರು. ಅದೇ ಪದ್ಧತಿಯು 1996 ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಿಂದ ದೇಶದ ಇತರ ಜಿಲ್ಲೆಗಳಿಗೂ ಹಬ್ಬಿತು. ಮಳೆಯಿಲ್ಲದ ಸೀಮೆಯೆಂದು ಹೆಸರಾದ ನಾಡಿಗೆ ಇದೊಂದು ಕೀರ್ತಿಯೇ ಸರಿ.

ಔಷಧವು ಕೆಲಸಮಾಡಲು ಎರಡರಿಂದ ನಾಲ್ಕು ವಾರಗಳು ಬೇಕು. ಹತ್ತು ದಿನ ನುಂಗಿ ಗುಣವಿಲ್ಲವೆಂದು ಬಿಡುವವರು ಬಹಳ. ಗುಣವಾಯಿತೆಂದು ಕೂಡಲೆ ಬಿಡುವವರೂ ಉಂಟು. ಸುಧಾರಿಸಿದ ಮೇಲೆಯೂ ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ ಆರು ತಿಂಗಳಿಗೆ ಕಡಿಮೆಯಿಲ್ಲದೆ, ಸೇವಿಸತಕ್ಕುದು. ಹರಕೆಯನ್ನು ಹೊರಲಿ, ವಿಭೂತಿಯನ್ನು ಧರಿಸಲಿ. ಅವು ಗುಳಿಗೆಗೆ ವಿರೋಧವಲ್ಲ.

ಇನ್ನು ಮನೆಯವರು ಮಾಡತಕ್ಕ ಕೆಲಸವು ಬಹು ಸಣ್ಣದು, ಆದರೆ ದಿನದಿನವೂ ಮಾಡತಕ್ಕುದು. ಪಕ್ಕದಲ್ಲಿ ಕುಳಿತುಕೊಳ್ಳುವುದು. ಮಾತಾಡದಿದ್ದರೆ ಸುಮ್ಮನೆ ಕುಳಿತಿರುವುದು. ಸ್ನಾನಕ್ಕೆ ನೀರು ಕಾಯಿಸಿ ಕರೆಯುವುದು, ಸಂಜೆ ಊರ ಹೊರಗಿನ ತನಕ ಜೊತೆಗೆ ನಡೆಯುವುದು. ಅವರೆದುರಿಗೆ ಸಾಲದ ಲೆಕ್ಕವನ್ನಾಗಲಿ ದಾಯಾದಿಗಳ ಏಳ್ಗೆಯನ್ನಾಗಲಿ ತೆಗೆಯದಿರುವುದು.

"ಬದುಕು ಸಾಕಾಯಿತು" ಎಂಬ ಮಾತು ಬಂದರೆ ಕೇಳದವರಂತೆ ಇರಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದುದರಿಂದ ಆ ಯೋಚನೆಯು ಹುಟ್ಟುವುದಿಲ್ಲ. ಬೆಳೆಗೆ ಸಿಂಪಡಿಸುವ ಎಣ್ಣೆಯನ್ನು ಅಂದೇ ಮನೆಯಿಂದ ದೂರ, ಬೀಗದೊಳಗೆ ಇಡಬೇಕು. ಅವರೊಬ್ಬರನ್ನೇ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪೊಲೀಸರ ಭಯದಿಂದ ಮುಚ್ಚಿಡುವ ಕಾರಣವೂ ಈಗಿಲ್ಲ. 2017 ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಅಂಥ ಪ್ರಯತ್ನ ಮಾಡಿದವರನ್ನು ತೀವ್ರ ಸಂಕಟದಲ್ಲಿರುವವರೆಂದು ಭಾವಿಸುವುದೇ ಹೊರತು ಅಪರಾಧಿಗಳೆಂದಲ್ಲ. 2022 ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ದೂರವಾಣಿಯು, ಅಂದರೆ 14416, ಹಗಲಿರುಳೂ ಕನ್ನಡದಲ್ಲಿ ಉತ್ತರಿಸುವುದು.

ಆರೈಕೆ ಮಾಡುವವಳ ಮಾತು ಉಳಿದಿದೆ. ಹೆಚ್ಚಿನ ಮನೆಗಳಲ್ಲಿ ಅವಳು ಹೆಂಡತಿ, ಇಲ್ಲವೆ ತಾಯಿ. ಪತಿಯು ಮಲಗಿದ ದಿನದಿಂದ ಹೊಲದ ಕೆಲಸವೂ ದನಕರುಗಳೂ ಬಂದವರ ಪ್ರಶ್ನೆಗಳೂ ಅವಳ ಪಾಲಿಗೇ. ಆರು ತಿಂಗಳಲ್ಲಿ ಅವಳ ನಿದ್ರೆಯೂ ಕೆಡುವುದು. ಒಮ್ಮೆ ಸಿಟ್ಟಿನಿಂದ ಆಡಿದ ಮಾತಿಗೆ ರಾತ್ರಿಯೆಲ್ಲ ಮರುಗುವಳು. ಓಣಿಯವರು ರೋಗಿಯ ಯೋಗಕ್ಷೇಮವನ್ನು ವಿಚಾರಿಸಿ ಹೋಗುವರು, ಅವಳು ಉಂಡಳೇ ಎಂದು ಕೇಳುವವರಿಲ್ಲ. ಮಠದ ದಾಸೋಹದಲ್ಲಿ ಕೈಗೂಡಿಸುವ ಶಿಷ್ಯವರ್ಗದವರು ಅಂಥ ಮನೆಗೆ ಹೋದಾಗ ವಾರಕ್ಕೊಂದು ಮಧ್ಯಾಹ್ನ ರೋಗಿಯ ಬಳಿ ತಾವು ಕುಳಿತು, ಆ ತಾಯಿಯನ್ನು ತವರಿಗೋ ಸಂತೆಗೋ, ಏನೂ ಇಲ್ಲದಿದ್ದರೆ ಒಳಮನೆಯಲ್ಲಿ ಎರಡು ತಾಸು ಮಲಗಲಿಕ್ಕೋ ಕಳುಹಿಸಿಕೊಡಲಿ.