ಮುಯ್ಯಿಯೂ ದಾಸೋಹವೂ



ಚೀನಾದೇಶದ ಕ್ಯಾಂಟನ್ ಸೀಮೆಯ ಜನರಲ್ಲಿ ‘ಸಾಲಕ್ಕಿಂತ ಮುಯ್ಯಿಯೇ ಬಿಗಿ’ ಎಂಬರ್ಥದ ನಾಣ್ಣುಡಿಯೊಂದುಂಟು. ಮದುವೆಯಲ್ಲಿ ಕೊಡುವ ಉಡುಗೊರೆಯ ಹಣಕ್ಕೂ ಒಬ್ಬರಿಗೊಬ್ಬರು ಮಾಡುವ ಉಪಕಾರಕ್ಕೂ ಅವರ ನುಡಿಯಲ್ಲಿ ಒಂದೇ ಶಬ್ದವಿರುವುದು. ಸಾಲ ಕೊಟ್ಟವನಲ್ಲಿ ವಾಯಿದೆಯನ್ನು ಬೇಡಬಹುದು. ಮದುವೆಯ ಮುಹೂರ್ತಕ್ಕೆ ವಾಯಿದೆಯೆಲ್ಲಿಯದು? ಬೀದರ, ಭಾಲ್ಕಿ, ಔರಾದಗಳವರಾದ ನಮಗೆ ಈ ಮಾತು ಪರದೇಶದ್ದೆಂದು ತೋರದು.

ನಮ್ಮ ಹಂದರಗಳಲ್ಲಿ ಒಬ್ಬನು ಪುಸ್ತಕವನ್ನು ಹಿಡಿದು ಕುಳಿತು, ಆಯೇರ ತಂದವರ ಹೆಸರನ್ನೂ ಮೊತ್ತವನ್ನೂ ಬರೆದುಕೊಳ್ಳುವುದನ್ನು ಕಾಣದವರಾರು? ನನ್ನ ತಂದೆಯವರು ಅನ್ಯರ ಮದುವೆಗೆ ಹೊರಡುವ ಮುನ್ನ ಮನೆಯ ಆಯೇರದ ಪುಸ್ತಕವನ್ನು ತೆರೆದು ನೋಡಿ, ಅವರು ಕೊಟ್ಟುದಕ್ಕಿಂತ ಒಂದು ರೂಪಾಯಿಯನ್ನಾದರೂ ಹೆಚ್ಚಿಸಿ ಕೊಡುತ್ತಿದ್ದರು. ಮಳೆ ಹೋದ ಒಂದು ವರುಷ ಮನೆಯಲ್ಲಿ ಬೀಜದ ಜೋಳವಲ್ಲದೆ ಬೇರೇನೂ ಇರಲಿಲ್ಲ. ಅದನ್ನೇ ಮಾರಿ ಆಯೇರ ಮಾಡಿ ಬಂದರು. ಬಿತ್ತನೆಗೆ ಸಾಲ ತಂದೆವು. ಆ ಮದುವೆಯವರಾದರೂ ನಮ್ಮನ್ನು ಕೇಳಿದವರಲ್ಲ.

ಮುಯ್ಯಿ ಎಂಬ ಶಬ್ದಕ್ಕೇ ಎರಡು ಮುಖಗಳು. ಉಪಕಾರವನ್ನು ಹಿಂದಿರುಗಿಸುವುದೂ ಮುಯ್ಯಿ, ಹಗೆಯನ್ನು ತೀರಿಸಿಕೊಳ್ಳುವುದೂ ಮುಯ್ಯಿ. ಹಾಗೆಂದು ನಾನು ಅದನ್ನು ಹಳಿಯಲಾರೆನು. ಮುಯ್ಯಾಳುಗಳು ಇಲ್ಲದಿದ್ದರೆ ಎತ್ತಿಲ್ಲದ ಬಡವನ ಹೊಲವು ಬಿತ್ತದೆ ಬೀಳಾಗುತ್ತಿದ್ದಿತು. ಇಂದು ನೀನು ಬಾ, ನಾಳೆ ನಾನು ಬರುವೆನೆಂಬ ಈ ಒಡಂಬಡಿಕೆಯಲ್ಲಿ ತಪ್ಪೇನು? ಆದರೆ ನಾಳೆ ಬರಲಾರದವನಿಗೆ ಅದರಲ್ಲಿ ಎಡೆಯಿಲ್ಲ.

ಅಂಥವರಿಗಾಗಿಯೇ ದಾಸೋಹವಿರುವುದು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯಿರಿ. ೧೮೮೯ರಲ್ಲಿ ಕಮಲನಗರದಲ್ಲಿ ಜನಿಸಿ ೧೯೯೯ರಲ್ಲಿ ಲಿಂಗೈಕ್ಯರಾದ ಅವರು, ಉರ್ದುವೇ ರಾಜಭಾಷೆಯಾಗಿದ್ದ ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಆ ಮಕ್ಕಳ ತಂದೆತಾಯಿಗಳಲ್ಲಿ ಆಯೇರ ಮಾಡಬಲ್ಲವರೆಷ್ಟು ಮಂದಿ? ಅದೇ ಮಠದಲ್ಲಿ ಅನಾಥ ಶಿಶುಗಳನ್ನು ಸಾಕುವ ಕಾರ್ಯವೂ ನಡೆದು ಬಂದಿರುವುದು. ಹೆತ್ತವರಾರೆಂಬುದನ್ನೇ ಅರಿಯದ ಕೂಸಿನ ಲೆಕ್ಕವನ್ನು ಯಾವ ಪುಸ್ತಕದಲ್ಲಿ, ಯಾರ ಹೆಸರಿನೆದುರು ಬರೆಯುವುದು?

ಈಚೆಗೆ ಕೆಲವು ಲಗ್ನಪತ್ರಿಕೆಗಳಲ್ಲಿ ‘ಆಯೇರ ಸ್ವೀಕರಿಸಲಾಗುವುದಿಲ್ಲ’ ಎಂದು ಅಚ್ಚಾಗುತ್ತಿರುವುದನ್ನು ಕಂಡು ನನಗೆ ಸಂತೋಷವಾಗಿದೆ; ಆದರೂ ಹಂದರದ ಮೂಲೆಯಲ್ಲಿ ಪುಸ್ತಕವಿದ್ದೇ ಇರುವುದು. ನಮ್ಮ ಈ ಮಹೋತ್ಸವದ ಕಾಣಿಕೆಯ ಪುಸ್ತಕವನ್ನೂ ಮಹಾದ್ವಾರದ ಬಳಿಯಲ್ಲಿ ಇರಿಸಿರುವರು. ಮಠದ ವೆಚ್ಚಕ್ಕೆ ಲೆಕ್ಕವು ಬೇಕು, ಅದನ್ನು ಬಲ್ಲೆನು. ಕಾಣಿಕೆಯಿಲ್ಲದೆ ಪ್ರಸಾದಕ್ಕೆ ಬಂದವರು ಆ ಮೇಜನ್ನು ಬಳಸಿ ಹಿಂಬಾಗಿಲಿನಿಂದ ಬರುತ್ತಿರುವುದನ್ನು ಇಂದು ಬೆಳಿಗ್ಗೆ ನಾನು ನೋಡಿದೆನು. ಆ ಮೇಜನ್ನು ದ್ವಾರದಿಂದ ತುಸು ದೂರ ಇರಿಸಬೇಕೆಂದು ವ್ಯವಸ್ಥಾಪಕರಲ್ಲಿ ನನ್ನ ಬಿನ್ನಹ.