ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ಡು ಕೆಟ್ಟರೆ ಮಾಡುವುದೇನು?
(ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಮಾತನಾಡಲು ಎದ್ದು ನಿಂತರೆ ಬೀಜ, ಗೊಬ್ಬರ, ಕಾಂಪೋಸ್ಟ್ ಗುಂಡಿ ಇವುಗಳ ವಿಷಯವೇ ಬರುವುದೆಂದು ತಾವು ಎಣಿಸಿರಬಹುದು. ಇಂದು ಅವು ಯಾವುವೂ ಅಲ್ಲ. ಕಿರುಬೆರಳು ತೂರುವಷ್ಟು ಅಗಲದ ಒಂದು ತೂತಿನ ವಿಷಯ ಹೇಳಬೇಕೆಂದಿದ್ದೇನೆ. ಪೆಟ್ರೋಲ್ ಎಂಜಿನ್ನಿನ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗು ಕೂರುವ ತೂತು ಅದು.

ಅಡಿಕೆ ತೋಟವುಳ್ಳವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಮಳೆ ಹಿಡಿದ ಮೇಲೆ ಹೊಳವಾಗುವುದು ಎರಡೋ ಮೂರೋ ದಿನ. ಅಷ್ಟರೊಳಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಕಲಸಿ ಡ್ರಮ್ಮು ತುಂಬಿಸಿ, ಕೊನೆಗಾರನನ್ನು ಮರ ಹತ್ತಿಸಿದ ಮೇಲೆ ಪಂಪಿನ ಎಂಜಿನ್ನು ‘ಫಟ್’ ಎಂದು ಪ್ಲಗ್ಗನ್ನು ಹೊರಕ್ಕೆ ಉಗುಳಿದರೆ ಗತಿ ಏನು? ಕಲಸಿದ ದ್ರಾವಣ ಅಂದೇ ಮುಗಿಯಬೇಕು, ಮರುದಿನಕ್ಕೆ ಇಡುವ ವಸ್ತುವಲ್ಲ. ಕೂಲಿಯೂ ಹೋಯಿತು, ಔಷಧವೂ ಹೋಯಿತು. ಅಷ್ಟರಲ್ಲಿ ಮಳೆ ಮತ್ತೆ ಬಂದರೆ ಗೊನೆಯೂ ಹೋಯಿತು.

ಕೃಷಿ ಡಿಪ್ಲೊಮಾ ಓದುವಾಗ ಎಂಜಿನ್ನಿನ ಪಾಠ ನಮಗೆ ಹೆಚ್ಚಾಗಿ ಇರಲಿಲ್ಲ. ಈಗ ಹೇಳುವುದನ್ನು ಬಹುಪಾಲು ಲೇತ್ ಅಂಗಡಿಗಳಲ್ಲಿ ನಿಂತು ನೋಡಿ, ಕೇಳಿ, ಕೈಯಾರೆ ಮಾಡಿ ಕಲಿತದ್ದು.

1902ರಲ್ಲಿ ಜರ್ಮನಿಯ ಬಾಷ್ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ ಎಂಬವರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಪ್ಲಗ್ಗನ್ನು ತಯಾರಿಸಿದರು. ಪ್ಲಗ್ಗಿನ ರೂಪ ಇಂದಿಗೂ ಹೆಚ್ಚುಕಡಿಮೆ ಅದೇ. ಪ್ಲಗ್ಗಿನ ಮೈ ಉಕ್ಕು. ಹಳೆಯ ಎಂಜಿನ್ನುಗಳಲ್ಲಿ ಹೆಡ್ಡು ಬೀಡುಕಬ್ಬಿಣದ್ದಾಗಿರುತ್ತಿತ್ತು, ಒರಟು ಕೈಯನ್ನೂ ತಾಳಿಕೊಳ್ಳುತ್ತಿತ್ತು. ಈಗಿನ ಹೆಡ್ಡು ಅಲ್ಯುಮಿನಿಯಂ. ಉಕ್ಕಿನ ಮುಂದೆ ಅದು ಬೆಣ್ಣೆ. ಬಿಸಿಗೆ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ ಬೇರೆ. ಉಕ್ಕೂ ಅಲ್ಯುಮಿನಿಯಮ್ಮೂ ಜಗಳಕ್ಕೆ ಬಿದ್ದರೆ ಸೋಲುವುದು ಯಾವಾಗಲೂ ಹೆಡ್ಡೇ.

ಆ ಥ್ರೆಡ್ಡಿನ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕಿ ನೋಡೋಣ. 14 ಮಿಲಿಮೀಟರ್ ತೂತಿನ ವಿಸ್ತೀರ್ಣ ಸುಮಾರು ಒಂದೂವರೆ ಚದರ ಸೆಂಟಿಮೀಟರ್. ಸಿಡಿತದ ಒತ್ತಡ ಚದರ ಸೆಂಟಿಮೀಟರಿಗೆ 30 ಕಿಲೋ ಎಂದು ಹಿಡಿದರೂ ಪ್ಲಗ್ಗನ್ನು ಹೊರಕ್ಕೆ ನೂಕುವ ಬಲ 45 ಕಿಲೋ ಆಯಿತು. ನಾಲ್ಕು ಸ್ಟ್ರೋಕಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸಲ ಈ ಗುದ್ದು ಬೀಳುತ್ತದೆ. ಅರ್ಧ ಕಿತ್ತುಹೋದ ಥ್ರೆಡ್ಡು ಎಷ್ಟು ದಿನ ತಡೆದೀತು?

ಕೆಡುವುದಕ್ಕೆ ಕಾರಣಗಳು ಹಲವು. ಮೊದಲ ಸುತ್ತಿನಿಂದಲೇ ಸ್ಪ್ಯಾನರ್ ಹಾಕಿ ಓರೆಯಾಗಿ ತಿರುಗಿಸುವುದು ಒಂದು. ಎಂಜಿನ್ನು ಕಾದಿರುವಾಗಲೇ ಪ್ಲಗ್ಗು ಬಿಚ್ಚುವುದು ಇನ್ನೊಂದು. ‘ಗಟ್ಟಿಯಾಗಿರಲಿ’ ಎಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿಯುವುದಂತೂ ನಮ್ಮ ಕಡೆ ರೂಢಿಯೇ ಆಗಿಬಿಟ್ಟಿದೆ. ಇವುಗಳನ್ನು ಎಲ್ಲರೂ ಬಲ್ಲರು. ಯಾರೂ ಗಮನಿಸದ ಕಾರಣ ಒಂದಿದೆ, ಅದು ತಪ್ಪು ಉದ್ದದ ಪ್ಲಗ್ಗು.

ಎನ್‌ಜಿಕೆ ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲಿನ ಅಕ್ಷರಗಳನ್ನು ಓದಿ ನೋಡಿ. ಸಾಮಾನ್ಯ ನಮೂನೆಗಳಲ್ಲಿ ಮೊದಲ ಅಕ್ಷರ ಬಿ ಎಂದಿದ್ದರೆ ದಪ್ಪ 14 ಮಿಲಿಮೀಟರ್, ಡಿ ಎಂದರೆ 12, ಸಿ ಎಂದರೆ 10. ಅಂಕಿಯ ನಂತರ ಇ ಇದ್ದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್, ಎಚ್ ಇದ್ದರೆ 12.7. ಬಿಪಿಆರ್6ಇಎಸ್ ಮತ್ತು ಬಿಪಿಆರ್6ಎಚ್‌ಎಸ್ ಇವೆರಡಕ್ಕೂ ಸ್ಪ್ಯಾನರ್ ಒಂದೇ, ದಪ್ಪವೂ ಒಂದೇ. ಒಂದರ ತೂತಿನಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ, ಎಂಜಿನ್ನೂ ಓಡುತ್ತದೆ! ಉದ್ದದ ಜಾಗಕ್ಕೆ ಗಿಡ್ಡದ್ದನ್ನು ಹಾಕಿದರೆ ಹೆಡ್ಡಿನ ಕೆಳಗಿನ ಥ್ರೆಡ್ಡು ಬರಿದಾಗಿ ಉಳಿದು ಮಸಿ ಕಟ್ಟುತ್ತದೆ. ಮುಂದೆ ಸರಿಯಾದ ಪ್ಲಗ್ಗು ಹಾಕುವಾಗ ಆ ಗಟ್ಟಿ ಮಸಿ ಥ್ರೆಡ್ಡನ್ನು ಕೆಡಿಸುತ್ತದೆ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ಹಾಕಿದರೆ ತುದಿ ಒಳಗೆ ಚಾಚಿಕೊಂಡು ಪಿಸ್ಟನ್ನಿಗೆ ಬಡಿಯಬಹುದು. ಬಡಿಯದಿದ್ದರೂ ಚಾಚಿದ ಭಾಗಕ್ಕೆ ಮಸಿ ಹತ್ತಿ, ಬಿಚ್ಚುವಾಗ ಹೆಡ್ಡಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಆದಕಾರಣ ಅಂಗಡಿಯಲ್ಲಿ ‘ಪಂಪಿನ ಪ್ಲಗ್ಗು ಕೊಡಿ’ ಎನ್ನಬಾರದು. ಎಂಜಿನ್ನಿನ ಕೈಪುಸ್ತಕದಲ್ಲಿರುವ ನಂಬರನ್ನು ಬರೆದುಕೊಂಡು ಹೋಗತಕ್ಕದ್ದು.

ಕೆಟ್ಟಿರುವುದನ್ನು ತಿಳಿಯುವುದು ಸುಲಭ. ಪ್ಲಗ್ಗಿನ ಬುಡದಲ್ಲಿ ‘ಚಸ್ ಚಸ್’ ಸದ್ದು, ಸುತ್ತಲೂ ಕಪ್ಪು ಜಿಡ್ಡು, ಬಿಗಿದರೂ ಸುಮ್ಮನೆ ತಿರುಗುವ ಪ್ಲಗ್ಗು, ಇವು ಗುರುತುಗಳು. ಸಂದೇಹವಿದ್ದರೆ ತಣ್ಣಗಿರುವಾಗ ಬುಡಕ್ಕೆ ಸೋಪಿನ ನೀರು ಹಚ್ಚಿ, ಇಗ್ನಿಷನ್ ಸ್ವಿಚ್ಚು ಆರಿಸಿ ಹಗ್ಗ ಎಳೆಯಿರಿ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ.

ಇನ್ನು ರಿಪೇರಿ. ದಾರ ಸುತ್ತುವುದು, ತಾಮ್ರದ ತಂತಿ ಸುತ್ತುವುದು, ಅಂಟು ಕಲಸಿ ಮೆತ್ತುವುದು, ಇವೆಲ್ಲವನ್ನೂ ನಾನು ಕಂಡಿದ್ದೇನೆ. ಯಾವುದೂ ಆ ಬಿಸಿಗೆ, ಆ ಗುದ್ದಿಗೆ ನಿಲ್ಲುವುದಿಲ್ಲ. ಮೇಲಾಗಿ ಪ್ಲಗ್ಗಿನ ವಿದ್ಯುತ್ತು ಮರಳುವ ದಾರಿಯೂ, ಅದರ ಬಿಸಿ ಇಳಿಯುವ ದಾರಿಯೂ ಹೆಡ್ಡೇ. ನಡುವೆ ಅಂಟು ಸೇರಿಸಿದರೆ ಎರಡಕ್ಕೂ ಅಡ್ಡಿ. ಓರೆಯಾಗಿ ಹಿಡಿದ ಪ್ಲಗ್ಗನ್ನು ‘ಹೇಗೋ ಕೂತಿತು’ ಎಂದು ಓಡಿಸುವುದೂ ಬೇಡ. ಹಾರಿದ ಪ್ಲಗ್ಗು ಗುಂಡಿನಂತೆ ಬರುತ್ತದೆ, ಎದುರಿಗೆ ಮುಖವಿರಬಾರದು.

ಮೇಲಿನ ಒಂದೆರಡು ಸುತ್ತು ಮಾತ್ರ ಜಜ್ಜಿದ್ದರೆ ಥ್ರೆಡ್ಡು ಸರಿಮಾಡುವ ಚೇಸರ್ ಸಾಕು. ಅದರ ಗಾಡಿಗಳಿಗೆ ಗ್ರೀಸು ತುಂಬಿ, ಕೈಯಿಂದಲೇ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋಗಬೇಕು. ಲೋಹದ ಚೂರು ಗ್ರೀಸಿಗೆ ಅಂಟಿಕೊಳ್ಳುತ್ತದೆ. ಆಗಾಗ ಹೊರತೆಗೆದು ಒರೆಸಿ ಹೊಸ ಗ್ರೀಸು ಹಾಕಬೇಕು. ಒಳಗೆ ಇಳಿಸಿ, ಅಲ್ಲಿ ಅಗಲಿಸಿ, ಕೆಳಗಿನ ಒಳ್ಳೆಯ ಥ್ರೆಡ್ಡನ್ನು ಹಿಡಿದು ಹೊರಕ್ಕೆ ಬರುವ ಇನ್ನೊಂದು ಬಗೆಯ ಚೇಸರ್ ಇದೆ. ಚೂರು ಹೊರಗೇ ಬೀಳುವುದರಿಂದ ನನಗೆ ಅದೇ ಮೆಚ್ಚು.

ಥ್ರೆಡ್ಡು ಪೂರ್ತಿ ಕಿತ್ತುಹೋಗಿದ್ದರೆ ತೂತನ್ನು ತುಸು ದೊಡ್ಡದು ಮಾಡಿ ಒಳಗೆ ಉಕ್ಕಿನ ಹೊಸ ಥ್ರೆಡ್ಡು ಕೂರಿಸಬೇಕು. ಇದರಲ್ಲಿ ಎರಡು ಬಗೆ. ಸ್ಪ್ರಿಂಗಿನಂತೆ ಸುತ್ತಿದ ತಂತಿಯದು ಒಂದು, ಹೆಲಿಕಾಯಿಲ್ ಎಂದು ಹೆಸರು. ಒಳಗೂ ಹೊರಗೂ ಥ್ರೆಡ್ಡಿರುವ ಗಟ್ಟಿ ಬುಷ್ ಇನ್ನೊಂದು. ತಂತಿಯದು ಅಗ್ಗ, ಆದರೆ ಕೆಲವೊಮ್ಮೆ ಪ್ಲಗ್ಗಿನ ಜೊತೆಗೇ ಕಳಚಿ ಬರುವುದುಂಟು. ಪದೇ ಪದೇ ಪ್ಲಗ್ಗು ಬಿಚ್ಚುವ ಎಂಜಿನ್ನಿಗೆ ಬುಷ್ಷೇ ಮೇಲು. ಟ್ಯಾಪು ಆಯಾ ಕಿಟ್ಟಿನದೇ ಆಗಿರಬೇಕು. ತೂತು ಹೊಡೆಯುವಾಗ ಟ್ಯಾಪು ನೆಟ್ಟಗೆ ಇಳಿಯಬೇಕು, ಕೊಂಚ ವಾಲಿದರೂ ವಾಷರ್ ಒಂದೇ ಪಕ್ಕಕ್ಕೆ ಕೂತು ಸೋರುತ್ತದೆ. ತಂತಿಯ ಮೇಲ್ತುದಿ ವಾಷರ್ ಕೂರುವ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಬೇಕು. ಕೆಳತುದಿ ಒಳಕ್ಕೆ ಚಾಚಬಾರದು, ಚಾಚಿದರೆ ಕೆಂಡವಾಗಿ ಕಿಡಿಯ ಹೊತ್ತಿಗೆ ಮೊದಲೇ ಪೆಟ್ರೋಲನ್ನು ಹೊತ್ತಿಸುತ್ತದೆ.

ಈ ಕೆಲಸಕ್ಕೆ ಹೆಡ್ಡು ಬಿಚ್ಚುವುದೇ ಒಳ್ಳೆಯದು. ಹೆಡ್ಡು ಗ್ಯಾಸ್ಕೆಟ್ಟಿನ ಖರ್ಚಿಗೆ ಹಿಂಜರಿಯಬೇಡಿ. ಒಂದು ಚೂರು ಒಳಗೆ ಉಳಿದರೆ ಸಿಲಿಂಡರನ್ನೇ ಗೀರುತ್ತದೆ. ಬೆನ್ನಿಗೆ ಹೊರುವ ಸ್ಪ್ರೇಯರು, ಕಳೆ ಕತ್ತರಿಸುವ ಯಂತ್ರ, ಇಂಥ ಎರಡು ಸ್ಟ್ರೋಕಿನವುಗಳಲ್ಲಿ ಹೆಡ್ಡೂ ಸಿಲಿಂಡರೂ ಸಾಮಾನ್ಯವಾಗಿ ಒಂದೇ ಎರಕ. ಪಕ್ಕದ ಕಿಂಡಿಗಳಿಂದ ಚೂರು ಕ್ರ್ಯಾಂಕಿನ ಬೇರಿಂಗಿಗೇ ಇಳಿದೀತು. ಅಲ್ಲಿ ಸಿಲಿಂಡರು ಕಳಚಿಯೇ ಮಾಡತಕ್ಕದ್ದು. ಕಾರುಗಳಲ್ಲಿ ಪ್ಲಗ್ಗು ಆಳವಾದ ಬಾವಿಯ ತಳದಲ್ಲಿರುತ್ತದೆ. ರಿಪೇರಿಯ ತತ್ವ ಇದೇ ಆದರೂ ಅದನ್ನು ಅನುಭವವುಳ್ಳ ಗ್ಯಾರೇಜಿನವರಿಗೇ ಬಿಡಿ.

ಕೆಲಸ ಮುಗಿದ ಮೇಲೆ ಸ್ವಿಚ್ಚು ಆರಿಸಿ, ಪ್ಲಗ್ಗಿನ ವೈರನ್ನು ತೂತಿನಿಂದ ದೂರ ಕಟ್ಟಿ, ಪ್ಲಗ್ಗಿಲ್ಲದೆ ನಾಲ್ಕಾರು ಸಲ ಹಗ್ಗ ಎಳೆಯಿರಿ. ತೂತಿನಿಂದ ಪೆಟ್ರೋಲಿನ ಆವಿ ಬರುತ್ತದೆ, ಬೀಡಿ ಹತ್ತಿರ ಬರಕೂಡದು.

ಪ್ಲಗ್ಗು ಹಾಕುವ ಕ್ರಮ ಹೀಗೆ. ಹಳೆಯ ರಬ್ಬರ್ ಕೊಳವೆಯ ಗೇಣುದ್ದದ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಅದನ್ನೇ ಬೆರಳಿನಲ್ಲಿ ಹಿಡಿದು ತಿರುಗಿಸಿ. ಓರೆ ಹಿಡಿದರೆ ಕೊಳವೆ ಜಾರುತ್ತದೆ, ಥ್ರೆಡ್ಡು ಉಳಿಯುತ್ತದೆ. ಕೈಗೆ ಬಿಗಿಯಾದ ಮೇಲೆ ಸ್ಪ್ಯಾನರ್. ವಾಷರಿರುವ 14 ಮಿಲಿಮೀಟರ್ ಪ್ಲಗ್ಗು ಹೊಸದಾದರೆ ಅರ್ಧದಿಂದ ಮೂರನೆಯ ಎರಡು ಸುತ್ತು. ಬಳಸಿದ್ದಾದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು ಸಾಕು. ಬಲದ ಲೆಕ್ಕದಲ್ಲಿ 2.5ರಿಂದ 3 ಕಿಲೋಗ್ರಾಂ-ಮೀಟರ್, ಎಂದರೆ 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 10 ಕಿಲೋ ಒತ್ತು. ಮೋಟರ್ ಸೈಕಲ್ಲಿನ 10 ಮಿಲಿಮೀಟರ್ ಪ್ಲಗ್ಗಿಗೆ ಅದರ ಅರ್ಧಕ್ಕೂ ಕಡಿಮೆ. ಥ್ರೆಡ್ಡಿಗೆ ಎಣ್ಣೆ ಹಚ್ಚಬೇಡಿ. ಜಾರುವಿಕೆಯಿಂದ ಕೈಗೆ ಅರಿವಿಲ್ಲದೆ ಹೆಚ್ಚು ಬಿಗಿದುಹೋಗುತ್ತದೆ.

14 ಮಿಲಿಮೀಟರಿನ ಒಂದು ಕಿಟ್ಟು, ಒಂದು ಚೇಸರ್ ಸಹಕಾರ ಸಂಘದಲ್ಲಿ ಇದ್ದರೆ ಊರಿಗೆಲ್ಲ ಆದೀತು. ಮೃಗಶಿರ ಮಳೆಗೆ ಮುಂಚೆ ಇದನ್ನು ತರಿಸಬೇಕೆಂದು ಸಂಘದವರಲ್ಲಿ ಕೇಳಿಕೊಳ್ಳುತ್ತೇನೆ. ಈಗ ಹೊರಗೆ ಜಗಲಿಯ ಮೇಲೆ ಎರಡು ಕೆಟ್ಟ ಹೆಡ್ಡುಗಳನ್ನೂ ಒಂದು ಟ್ಯಾಪನ್ನೂ ಇಟ್ಟಿದ್ದೇನೆ. ಬನ್ನಿ, ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ.