ಕೊಯ್ನಾದ ಬೋರು ಹೇಳುವ ಪಾಠ



ನಮ್ಮಲ್ಲಿ ಬೋರ್‌ವೆಲ್ ಗಾಡಿ ಬಂದರೆ ಅರ್ಧ ಊರು ಅಲ್ಲಿ ಸೇರುತ್ತದೆ. ಆರುನೂರು ಅಡಿ ಹೋದರೂ ಬರೀ ಧೂಳು ಬಂದರೆ ರೈತನ ಮುಖ ಬಾಡುತ್ತದೆ. ಇಂದು ನಾನು ಹೇಳುವುದು ಸುಮಾರು 10,000 ಅಡಿ ಆಳದ ಬೋರಿನ ಮಾತು. ಅದನ್ನು ಕೊರೆದದ್ದು ನೀರಿಗಾಗಿ ಅಲ್ಲ, ಭೂಮಿ ಏಕೆ ನಡುಗುತ್ತದೆ ಎಂದು ತಿಳಿಯಲು.

ಮಳೆಗಾಲದಲ್ಲಿ ‘ಕೊಯ್ನಾದಿಂದ ನೀರು ಬಿಟ್ಟರು’ ಎಂದು ನಾವು ಕೇಳುತ್ತೇವಲ್ಲ, ಆ ಅಣೆಕಟ್ಟು ಕರಾಡದ ಪಶ್ಚಿಮಕ್ಕೆ ಸಹ್ಯಾದ್ರಿಯಲ್ಲಿದೆ. 1962ರಲ್ಲಿ ಅಲ್ಲಿ ನೀರು ನಿಲ್ಲಿಸತೊಡಗಿದ ಮೇಲೆ ಸಣ್ಣ ನಡುಕಗಳು ಶುರುವಾದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪವಾಗಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಇಂದಿಗೂ ಅಲ್ಲಿ ನೆಲ ಆಗಾಗ ಅದುರುತ್ತದೆ.

ಹಾಗಾದರೆ ನಮ್ಮ ಹಿಡಕಲ್ ಡ್ಯಾಮ್ ಗತಿ ಏನು ಎಂದು ನೀವು ಕೇಳಬಹುದು. ನೀರು ನಿಲ್ಲಿಸಿದಲ್ಲೆಲ್ಲ ಭೂಕಂಪ ಆಗುವುದಿಲ್ಲ. ಆಳದಲ್ಲಿ ಬಂಡೆ ಸೀಳಿದ ಜಾಗವಿರಬೇಕು. ಅದಕ್ಕೆ ಸ್ತರಭಂಗ ಎನ್ನುತ್ತಾರೆ. ಅದು ಮೊದಲೇ ಒತ್ತಡದಲ್ಲಿ ಬಿಗಿದು ನಿಂತಿರಬೇಕು. ಆಗ ಬಿರುಕುಗಳಲ್ಲಿ ಹೆಚ್ಚಿದ ನೀರಿನ ಒತ್ತಡವು ಬಂಡೆಗಳ ಹಿಡಿತವನ್ನು ಸಡಿಲಿಸಿ ಅವು ಜಾರುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ಇದನ್ನು ಮೇಲೆ ಕುಳಿತು ಪರೀಕ್ಷಿಸಲಾಗದು. ಅದಕ್ಕೇ ಕೇಂದ್ರ ಭೂವಿಜ್ಞಾನ ಸಚಿವಾಲಯ ಕರಾಡದಲ್ಲಿ ಪ್ರಯೋಗಾಲಯ ಸ್ಥಾಪಿಸಿ, ಕೊಯ್ನಾ ಬಳಿಯ ಗೋಠಣೆಯಲ್ಲಿ ಮೂರು ಕಿಲೋಮೀಟರ್ ಆಳದ ಪ್ರಾಯೋಗಿಕ ಬೋರು ಕೊರೆಸಿತು. 2017ರಲ್ಲಿ ಅದು ಮುಗಿಯಿತು. ಮೇಲಿನ ಸುಮಾರು 1.2 ಕಿಲೋಮೀಟರ್ ಕರಿಕಲ್ಲು, ಅದರ ಕೆಳಗೆ ಗ್ರಾನೈಟ್ ಸಿಕ್ಕಿತು. ಇನ್ನೂ ಆಳಕ್ಕೆ ಇಳಿದು, ಭೂಕಂಪ ಹುಟ್ಟುವ ಜಾಗದ ಹತ್ತಿರವೇ ಉಪಕರಣ ಕೂರಿಸಬೇಕೆಂಬುದು ಮುಂದಿನ ಗುರಿ.

ಆದರೆ ಇಂಥ ದಿನ, ಇಂಥ ಹೊತ್ತಿಗೆ ಭೂಕಂಪ ಎಂದು ಇಂದಿಗೂ ಯಾರೂ ಹೇಳಲಾರರು. ಮೊಬೈಲಿನಲ್ಲಿ ಅಂಥ ಸುದ್ದಿ ಬಂದರೆ ನಂಬಬೇಡಿ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಜನ ಮಲಗಿದ್ದಾಗ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಕುಸಿದವು. ಸುಮಾರು ಹತ್ತು ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಹೆಚ್ಚಾಗಿ ಮನೆಗಳೇ. ಆದ್ದರಿಂದ ಮನೆ ಕಟ್ಟುವಾಗ ಬಾಗಿಲು-ಕಿಟಕಿಗಳ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಒಂದೇ ಕಾಂಕ್ರೀಟ್ ಪಟ್ಟಿ ಕಟ್ಟಿಸಿ. ಮೂಲೆಗಳನ್ನು ಬಿಗಿಯಾಗಿ ಬೆಸೆಯಿಸಿ.

ಮಕ್ಕಳೇ, ಆ ಬೋರು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಉಳಿದದ್ದನ್ನು ಹುಡುಕುವವರು ಈ ಶಾಲೆಯ ಬೆಂಚಿನಿಂದಲೂ ಎದ್ದು ಬರಲಿ.